ಇಪ್ಪತ್ತೊಂದು ದಿನಕ್ಕೆ ಚೌಕಾಸಿ

ಡಾಕ್ಟರು ಮೂರು ವಾರಕ್ಕೊಂದು ಇಂಜೆಕ್ಷನ್ ಎಂದರು. ನಾನು ಅದನ್ನು ಆರು ವಾರಕ್ಕೊಂದು ಮಾಡಿದೆ. ಬದುಕಿನಲ್ಲಿ ನಾನು ಕುದುರಿಸಿದ ವ್ಯಾಪಾರಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅದರ ಲುಕ್ಸಾನು ನನಗಾಗಲಿಲ್ಲ, ಮಗಳ ಎದೆಗೆ ಆಯಿತು. ಅವಳ ಹೃದಯದ ಒಂದು ಕವಾಟ ಈಗ ಪೂರ್ತಿ ಮುಚ್ಚುವುದಿಲ್ಲ. ಮುಂದಕ್ಕೆ ಹೋಗಬೇಕಾದ ರಕ್ತ ಒಂದಿಷ್ಟು ಹಿಂದಕ್ಕೆ ಸೋರುತ್ತದೆ.

ಬರೆಯುವುದು ನನ್ನ ಕಸುಬಲ್ಲ. ಬುದ್ಧಿ ಹೇಳುವುದು ಮಾತ್ರ ನನ್ನ ಚಟ, ಅದನ್ನು ಯಾರಿಂದಲೂ ಬಿಡಿಸಲಾಗಿಲ್ಲ. ಹೇಳಿಸಿಕೊಳ್ಳುವವರು ಹೇಳಿಸಿಕೊಳ್ಳಲಿ.

ನನ್ನ ಕಸುಬು ಪಾತ್ರೆ. ಈಗ ಶಿಗ್ಗಾವಿಯಲ್ಲಿ ಸ್ವಂತ ಅಂಗಡಿಯಿದೆ, ಮೇಲೆ ಬೋರ್ಡಿದೆ, ಫೋನಿನಲ್ಲಿ ದುಡ್ಡು ಬಿದ್ದರೆ ಕೂಗಿ ಹೇಳುವ ಡಬ್ಬಿಯೂ ಇದೆ. ಮೊದಲು ಇದ್ದದ್ದು ತಲೆಯ ಮೇಲೊಂದು ಬುಟ್ಟಿ ಅಷ್ಟೇ. ಹಳೇ ಸೀರೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ಹಾನಗಲ್ಲಿನ ಕಡೆಯ ಊರುಗಳು, ಸವಣೂರಿನ ಓಣಿಗಳು, ಆಚೆ ಹಿರೇಕೆರೂರಿನ ತನಕ ಬಸ್ಸು, ಅಲ್ಲಿಂದ ನಡಿಗೆ. ಒಂದು ಸೀರೆಗೆ ಒಂದು ಡಬರಿ ಪಾತ್ರೆಯೋ ಎರಡು ತಾಟೋ ಎಂಬುದು ಜಗಲಿಯ ಮೇಲೆ ಕುಳಿತು ತೀರ್ಮಾನವಾಗಬೇಕು. ಕೊಡುವ ಹೆಂಗಸರು ಎಂಥವರೆಂದರೆ, ಸವೆದ ಭಾಗವನ್ನು ಒಳಗೆ ಮಡಚಿ, ಅಂಚಿನ ದಡಿ ಮತ್ತು ಸೆರಗು ಮೇಲೆ ಬರುವಂತೆ ಇಸ್ತ್ರಿ ಮಾಡಿ ತಂದಿಡುತ್ತಿದ್ದರು. ಒಮ್ಮೆ ಸವಣೂರಿನಲ್ಲಿ ಒಬ್ಬಾಕೆ ಆಣೆ ಇಟ್ಟು ಹೇಳಿದಳು:

"ಒಂದ್ ಸಲಾನೂ ಉಟ್ಟಿಲ್ಲ ನೋಡವ್ವಾ ಇದನ್ನ."

"ಉಟ್ಟಿಲ್ಲಂದ್ರ ಕುಂದ್ರೂ ಜಾಗಾ ಹೆಂಗ ಸವದೈತಿ? ಸೀರಿ ತಾನ ಹೋಗಿ ಕಟ್ಟೀ ಮ್ಯಾಲ ಕುಂತಿತ್ತೇನು?"

ಆಕೆ ನಕ್ಕಳು. ಸಿಕ್ಕಿಬಿದ್ದವರು ನಮ್ಮ ಕಡೆ ನಕ್ಕುಬಿಡುತ್ತಾರೆ, ನಾಚಿಕೆ ಪಡುವುದಿಲ್ಲ. ನಾನು ಕಣ್ಣಿನಿಂದ ಸೀರೆ ಕೊಂಡವಳಲ್ಲ. ಮಡಿಕೆಯೊಳಗೆ ಕೈ ತೂರಿಸಿ, ಒಡಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಿದ್ದೆ. ಇಳಕಲ್ಲಿನ ಸೆರಗನ್ನೇ ನಕಲು ಮಾಡಿ ಪಾಲಿಸ್ಟರಿಗೆ ಹಚ್ಚಿದ ಸೀರೆಗಳು ಬಂದಾಗಲೂ ಬೆರಳು ಸುಳ್ಳು ಹೇಳಲಿಲ್ಲ. ಇಷ್ಟನ್ನು ಹೇಳಿದ್ದು ಜಂಬಕ್ಕಲ್ಲ. ಹೊರಗಿನ ಅಂಚು ನೋಡಿ ಮೋಸ ಹೋಗುವವರನ್ನು ಕಂಡರೆ ನನಗೆ ಎಷ್ಟು ತಾತ್ಸಾರವಿತ್ತು ಎಂಬುದು ಗೊತ್ತಿರಲಿ ಅಂತ.

ಮಗಳು ಆಗ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಗಂಟಲು ನೋವು ಎಂದಳು, ಜ್ವರ ಬಂತು, ಉಗುಳು ನುಂಗಲಿಕ್ಕೂ ಅಳು. ನಾನು ಔಷಧ ಅಂಗಡಿಗೆ ಹೋಗಿ ಗಂಟಲಿನ ಗುಳಿಗೆ ನಾಲ್ಕು ಕೊಡು ಎಂದೆ.

"ನಾಕು ಕೊಟ್ರ ನಡೆಯೂದಿಲ್ರಿ ಅಕ್ಕಾರ. ಡಾಕ್ಟರಿಗೆ ತೋರಿಸ್ರಿ, ಹತ್ತ ದಿನಾ ತಗೋಬೇಕಾಕ್ಕೈತಿ."

"ನಾಕು ಅಂದ್ರ ನಾಕು ಕೊಡಪಾ. ನಾ ಏನ್ ಮದುವಿ ಮನ್ಯಾಗ ಹಂಚಾಕ ಒಯ್ಯಾಕತ್ತೇನೇನು?"

ಅವನು ಪಟ್ಟಿಯನ್ನು ಕತ್ತರಿಸಿ ನಾಲ್ಕು ಕೊಟ್ಟ. ಮೂರನೇ ದಿನ ಜ್ವರ ಹೋಯಿತು. ಉಳಿದ ಆರು ದಿನದ ಗುಳಿಗೆ ಉಳಿಸಿದೆ ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಈಗ ಯಾರಾದರೂ ನನ್ನೆದುರು ಹೀಗೆ ಹೇಳಿದರೆ ಕೈಯಲ್ಲಿದ್ದ ಸೌಟಿನಿಂದ ಬಾರಿಸಬೇಕೆನ್ನಿಸುತ್ತದೆ.

ಹದಿನೈದು ಇಪ್ಪತ್ತು ದಿನ ಕಳೆದವು. ಗಂಟಲಿನ ಸಂಗತಿ ಮರೆತೇ ಹೋಗಿತ್ತು. ಒಂದು ದಿನ ಮಗಳ ಬಲ ಮೊಣಕಾಲು ಬಾತು ಕೆಂಪಾಯಿತು. ಮುಟ್ಟಿದರೆ ಚೀರುತ್ತಿದ್ದಳು. ಎರಡು ದಿನಕ್ಕೆ ಮೊಣಕಾಲು ಇಳಿಯಿತು, ಎಡಗಾಲಿನ ಹರಡಿನ ಗಂಟು ಬಾತಿತು. ಅದು ಇಳಿಯುವ ಹೊತ್ತಿಗೆ ಮೊಣಕೈ.

ನಮ್ಮತ್ತೆಗೆ ಇದು ಹಬ್ಬವಾಯಿತು. "ವಾಯು! ನೋಡು, ಹೆಂಗ ಓಡ್ಯಾಡಾಕತ್ತೈತಿ ಮೈಯಾಗ!" ಎಂದು ಲಕ್ಕಿಸೊಪ್ಪು ತರಿಸಿ ಕುದಿಸಿದರು. ಎಣ್ಣೆ ತಿಕ್ಕಿದರು, ಬಿಸಿ ಇಟ್ಟಿಗೆಗೆ ಬಟ್ಟೆ ಸುತ್ತಿ ಕಾಸಿದರು. ಕಾಸಿದ ಕೀಲು ಮರುದಿನ ಇಳಿದಿರುತ್ತಿತ್ತು, ಏಕೆಂದರೆ ಆ ನೋವಿನ ಗುಣವೇ ಜಾಗ ಬದಲಿಸುವುದು. ಅತ್ತೆ ಮಾತ್ರ ಅದನ್ನು ತಮ್ಮ ಇಟ್ಟಿಗೆಯ ಕೀರ್ತಿ ಎಂದು ಓಣಿಗೆಲ್ಲ ಸಾರಿದರು. ನಮ್ಮ ಕಡೆ ರೋಗಕ್ಕೊಂದು ಹೆಸರಿಟ್ಟರೆ ಸಾಕು, ಅರ್ಧ ಗುಣವಾಯಿತೆಂದು ತಿಳಿಯುತ್ತಾರೆ. ಉಳಿದರ್ಧವನ್ನು ದೇವರಿಗೆ ಬಿಡುತ್ತಾರೆ.

ವಾರದ ಮೇಲೆ ಮಗಳು ನಳದಿಂದ ಕೊಡ ತರುವಾಗ ಬಾಗಿಲಲ್ಲೇ ಕುಳಿತುಬಿಟ್ಟಳು. ಫ್ರಾಕಿನ ಮೇಲಿಂದಲೇ ಎದೆ ಬಡಿಯುವುದು ಕಾಣುತ್ತಿತ್ತು. ಆಗ ನಾನು ಇಟ್ಟಿಗೆಯನ್ನು ಹಿತ್ತಲಿಗೆ ಎಸೆದು ಅವಳನ್ನು ಡಾಕ್ಟರರ ಹತ್ತಿರ ಎತ್ತಿಕೊಂಡು ಹೋದೆ. ಅವರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನನ್ನು ಕೇಳಿದ್ದು ಮೊಣಕಾಲಿನ ಸಂಗತಿಯನ್ನಲ್ಲ.

"ಒಂದ ತಿಂಗಳದ ಹಿಂದ ಗಂಟಲು ನೋವು ಬಂದಿತ್ತೇನ್ರಿ ಇಕಿಗೆ?"

 ಕಣಿ ಹೇಳುವವರ ಹಾಗೆ ಕೇಳಿದರಲ್ಲ ಇವರು. ಅವರು ಚೀಟಿ ಬರೆದು ಹುಬ್ಬಳ್ಳಿಯ ಹೃದಯದ ಡಾಕ್ಟರರ ಬಳಿ ಕಳಿಸಿದರು.

ಅಲ್ಲಿ ರಕ್ತ ತೆಗೆದರು. ಟಿವಿಯಂಥ ಪರದೆಯ ಮೇಲೆ ಅವಳ ಹೃದಯ ಕುಣಿಯುವುದನ್ನು ತೋರಿಸಿದರು. ಆ ಡಾಕ್ಟರು ಅವಸರದ ಮನುಷ್ಯ, ಪೆನ್ನನ್ನು ಮೇಜಿಗೆ ಕುಟ್ಟುತ್ತ ಮಾತಾಡುತ್ತಿದ್ದರು.

"ಗಂಟಲಿಗೆ ಬಂದಿದ್ದ ಬ್ಯಾಕ್ಟೀರಿಯಾ ಈಗ ಹೃದಯದಾಗ ಇಲ್ಲ. ಅದು ಅಲ್ಲಿಗೆ ಹೋಗೇ ಇಲ್ಲ. ಈಗ ಜಗಳಾ ಮಾಡಾಕತ್ತಿದ್ದು ನಿಮ್ಮ ಮಗಳ ರಕ್ತ."

"ಯಾರ ಕೂಡ್ರಿ?"

"ತನ್ನ ಹೃದಯದ ಕೂಡ."

 ಅವರು ಚೀಟಿಯ ಹಿಂದೆ ಒಂದು ಗುಂಡು ಬರೆದು, ಅದರ ಸುತ್ತ ಕಂಬಳಿಹುಳುವಿನ ಕೂದಲಿನಂತೆ ಗೆರೆ ಎಳೆದರು. ಅದೇ ಬ್ಯಾಕ್ಟೀರಿಯಾ. ಆ ಕೂದಲು ಒಂದು ಬಗೆಯ ಪ್ರೋಟೀನು. ಅದನ್ನು ತೊಟ್ಟುಕೊಂಡರೆ, ಕೀಟಾಣುಗಳನ್ನು ನುಂಗುವ ನಮ್ಮ ರಕ್ತದ ಕಣಗಳಿಗೆ ಬ್ಯಾಕ್ಟೀರಿಯಾವನ್ನು ಹಿಡಿಯಲು ಆಗುವುದಿಲ್ಲವಂತೆ. ಅದರ ಮೇಲೊಂದು ಲೋಳೆಯ ಹೊದಿಕೆ ಬೇರೆ. ಆ ಲೋಳೆ ನಮ್ಮ ಕೀಲುಗಳಲ್ಲಿ ಇರುವಂಥದ್ದೇ ವಸ್ತು. ಹಾಗಾಗಿ ಮೊದಲು ಮುಟ್ಟಿದಾಗ ಮೈಗೆ ಇದು ನಮ್ಮದೇ ಅನ್ನಿಸುತ್ತದೆ. ಆಮೇಲೆ ಎಚ್ಚರವಾಗಿ, ಆ ಕೂದಲಿನ ನೇಯ್ಗೆಗೆ ಸರಿಯಾಗಿ ಕೂರುವಂಥ ಪ್ರತಿಕಾಯಗಳನ್ನು ಮೈ ತಯಾರಿಸುತ್ತದೆ. ಅವು ಹುಡುಕಿ ಹುಡುಕಿ ಹಿಡಿಯುತ್ತವೆ. ತೊಂದರೆ ಇಷ್ಟೇ: ಆ ಕೂದಲಿನ ನೇಯ್ಗೆಯೂ ಹೃದಯದ ಮಾಂಸದ ಒಂದು ಪ್ರೋಟೀನಿನ ನೇಯ್ಗೆಯೂ ಕೆಲವು ಕಡೆ ಒಂದೇ ಥರ. ಕೆಲವರ ಮೈಯಲ್ಲಿ ಪ್ರತಿಕಾಯಗಳು ಗಂಟಲ ಕೆಲಸ ಮುಗಿಸಿದ ಮೇಲೂ ನಿಲ್ಲುವುದಿಲ್ಲ. ಹೃದಯಕ್ಕೆ ಹೋಗಿ, ಅಲ್ಲೂ ಅದೇ ದಡಿ ಕಂಡು, ಕಳ್ಳ ಇಲ್ಲೇ ಇದ್ದಾನೆ ಎಂದು ಬಡಿಯುತ್ತವೆ.

"ಅಂದ್ರ ನಮ್ಮ ರಕ್ತ ಬರೇ ದಡಿ ನೋಡಿ ಸೀರಿ ತಗೊಂತೈತಿ. ಒಡಲಾಗ ಕೈ ಹಾಕಿ ನೋಡೂದಿಲ್ಲ," ಎಂದೆ. ಎಂಥ ದಡ್ಡ ಗಿರಾಕಿ ಇದು ಅನ್ನಿಸಿತ್ತು ನನಗೆ. ಬುಟ್ಟಿ ಹೊತ್ತ ಹೆಂಗಸಿಗೆ ಇರುವ ಬುದ್ಧಿ ಇದಕ್ಕಿಲ್ಲ.

"ಅಷ್ಟ ಸರಳ ಇಲ್ರೀ ಅದು."

"ಮತ್ತ ಹೆಂಗ?"

ಅವರು ಗಡಿಯಾರ ನೋಡಿದರು. ಆದರೂ ಹೇಳಿದರು: "ರಕ್ತಕ್ಕ ಕಣ್ಣಿಲ್ಲ. ಬ್ಯಾಕ್ಟೀರಿಯಾದ ಒಡಲಾಗ ಕೈ ಹಾಕಾಕ ಅದಕ್ಕ ಬರೂದಿಲ್ಲ. ಅದಕ್ಕ ಸಿಗೂದು ಹೊರಮೈ ಒಂದ. ಅದನ್ನ ಮುಟ್ಟಿ ನೋಡಿನ ಇದು ನಮ್ಮದು, ಇದು ಹೊರಗಿಂದು ಅಂತ ಹೇಳ್ಬೇಕು. ದಿನಾ ಸಾವಿರ ಸಲ ಸರಿ ಹೇಳ್ತೈತಿ. ಅದಕ್ಕ ನೀವು ಬದುಕೀರಿ."

 ಮಾತಿನಲ್ಲಿ ಸೋತರೆ ಮನುಷ್ಯರ ಮೇಲೆ ಸಿಟ್ಟು ಬರುವ ಸ್ವಭಾವ ನನ್ನದು. ಹಾಗಾಗಿ ನೇರ ವ್ಯವಹಾರಕ್ಕೆ ಬಂದೆ.

"ಈಗೇನ್ ಮಾಡೂದ್ರಿ?"

"ಈ ಸಲ ಹೃದಯಕ್ಕ ಸ್ವಲ್ಪ ಬಾವು ಬಂದೈತಿ, ಕವಾಟ ಉಳದೈತಿ. ಗುಳಿಗಿಲೆ ಇಳೀತೈತಿ. ಆದ್ರ ಮತ್ತ ಆ ಬ್ಯಾಕ್ಟೀರಿಯಾ ಗಂಟಲಿಗೆ ಬರಬಾರ್ದು. ಮೂರ್ ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್."

"ಎಷ್ಟ ದಿನಾರಿ?"

"ದಿನ ಅಲ್ರೀ, ವರ್ಷ. ಇಕಿ ಇಪ್ಪತ್ತೊಂದು ವರ್ಷದಾಕಿ ಆಗೂತನ."

"ಎರಡ ವರ್ಷ ಮಾಡ್ರಿ."

ಅವರು ಪೆನ್ನು ಕುಟ್ಟುವುದನ್ನು ನಿಲ್ಲಿಸಿದರು. "ಇದು ಸಂತಿ ಅಲ್ರೀ."

ಸಂತೆಯಲ್ಲ ಎಂದವರೇ ನಿಜವಾಗಿ ಸಂತೆಯಲ್ಲಿ ಕೂತಿರುತ್ತಾರೆ ಎಂಬುದು ಅಲ್ಲಿಯತನಕದ ನನ್ನ ಅನುಭವವಾಗಿತ್ತು. ನನಗೆ ಗೊತ್ತಿದ್ದ ವೇದವೊಂದೇ: ಮೊದಲು ಹೇಳಿದ ಬೆಲೆ ದುಪ್ಪಟ್ಟು. ಹೇಳುವವನಿಗೆ ಗೊತ್ತು, ಕೇಳುವವನಿಗೂ ಗೊತ್ತು. ಡಾಕ್ಟರು ಮೂರು ವಾರ ಎಂದರೆ ಒಳಗೊಳಗೆ ಆರಕ್ಕೆ ಒಪ್ಪಿದ್ದಾರೆ ಎಂದೇ ನಾನು ಅರ್ಥ ಮಾಡಿಕೊಂಡೆ. ಇಂಥ ತಪ್ಪನ್ನು ಓದಿದವರು ಮಾಡುವುದಿಲ್ಲ, ಏನೂ ತಿಳಿಯದವರೂ ಮಾಡುವುದಿಲ್ಲ. ನಮ್ಮಂಥ ಜಾಣರು ಮಾತ್ರ ಮಾಡುತ್ತಾರೆ.

ಎಂಟು ತಿಂಗಳು ಸರಿಯಾಗಿ ಮಾಡಿಸಿದೆ. ಆ ಇಂಜೆಕ್ಷನ್ನು ನೋಡಿದವರಿಗೇ ಗೊತ್ತು. ಕಲಸಿದ ಸುಣ್ಣದಂಥ ದಪ್ಪ ಔಷಧ. ಸೊಂಟದ ಕೆಳಗೆ ಆಳಕ್ಕೆ ಹೋಗಬೇಕು, ಸೂಜಿಯೂ ದಪ್ಪ. ನರ್ಸಮ್ಮ ಕಲಕಿದ ಕೂಡಲೇ ಚುಚ್ಚದಿದ್ದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಮಗಳು ಎರಡು ದಿನ ಕುಂಟುತ್ತಿದ್ದಳು. ಇಪ್ಪತ್ತೊಂದನೆಯ ದಿನ ಹತ್ತಿರ ಬಂತೆಂದರೆ ಆಗಷ್ಟೇ ಹಾಕಿದ್ದ ಅಂಗಡಿಯ ಕೊಪ್ಪರಿಗೆಗಳ ಹಿಂದೆ ಅಡಗಿ ಕೂರುತ್ತಿದ್ದಳು. ಅತ್ತೆ ಗೊಣಗುತ್ತಿದ್ದರು, "ಹೆಣ್ಣ ಕೂಸಿನ ಟೊಂಕಕ್ಕ ಎಷ್ಟ ಚುಚ್ಚಸ್ತೀ? ನಾಳೆ ಹಡೀಬೇಕೋ ಬ್ಯಾಡೋ ಅದು?" ಅವರ ಇಟ್ಟಿಗೆಯನ್ನು ಎಸೆದ ನಾನು ಅವರ ಮಾತನ್ನು ಎಸೆಯಲಿಲ್ಲ, ಯಾಕೆಂದರೆ ಅದು ನನಗೆ ಬೇಕಾದ ಮಾತಾಗಿತ್ತು. ಒಮ್ಮೆ ನಾಲ್ಕು ವಾರ ಮಾಡಿದೆ, ಏನೂ ಆಗಲಿಲ್ಲ. ಐದು ಮಾಡಿದೆ, ಹುಡುಗಿ ಗುಂಡುಕಲ್ಲಿನಂತಿದ್ದಳು. ಆರಕ್ಕೆ ತಂದು ನಿಲ್ಲಿಸಿದೆ. ಡಾಕ್ಟರನ್ನೇ ಅರ್ಧಕ್ಕೆ ಇಳಿಸಿದವಳು ನಾನು ಎಂದು ಗಿರಾಕಿಗಳ ಮುಂದೆ ಹೇಳಿಕೊಂಡೆ. ಅವರು ತಲೆದೂಗಿದರು. ಪಾತ್ರೆ ಕೊಳ್ಳಲು ಬಂದವರು ಯಾವುದಕ್ಕೆ ತಾನೇ ತಲೆದೂಗುವುದಿಲ್ಲ?

ಮುಂದಿನ ಮಳೆಗಾಲದಲ್ಲಿ ಅವಳಿಗೆ ಎರಡು ದಿನ ಗಂಟಲು ಕೆರೆಯಿತು. ಜ್ವರವೂ ಸರಿಯಾಗಿ ಬರಲಿಲ್ಲ. ಉಪ್ಪುನೀರು ಮುಕ್ಕಳಿಸಿದಳು, ಹೋಯಿತು. ಕೆಲವು ವಾರಗಳ ನಂತರ ಸಾಲೆಯವರು ಮಕ್ಕಳನ್ನು ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದುಕೊಂಡು ಹೋದರು. ಮಧ್ಯಾಹ್ನ ಮಾಸ್ತರರ ಫೋನು ಬಂತು.

"ನಿಮ್ಮ ಹುಡುಗಿ ಒಂದ ಕಡೆ ಕುಂತಬಿಟ್ಟಾಳ್ರಿ, ಏಳಾಕತ್ತಿಲ್ಲ. ಉಸುರು ಸಾಲಾಕತ್ತಿಲ್ಲ ಅಂತಾಳ."

ನಾನು ಹೋದಾಗ ಅವಳು ಸಿಮೆಂಟಿನ ಎಮ್ಮೆಯೊಂದರ ನೆರಳಲ್ಲಿ ಒರಗಿ ಕುಳಿತಿದ್ದಳು. ಗೆಳತಿಯರು ಸುತ್ತ ನಿಂತು ತಮ್ಮ ಡಬ್ಬಿಯ ಅವಲಕ್ಕಿ ತಿನ್ನುತ್ತಿದ್ದರು. "ಅವ್ವಾ, ಎದಿ ಒದರಾಕತ್ತೈತಿ," ಎಂದಳು. ಗಾಡಿ ಮಾಡಿಕೊಂಡು ಅಲ್ಲಿಂದಲೇ ತಡಸದ ಮೇಲೆ ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನಾನು ತಯಾರು ಮಾಡಿದ್ದು ಒಂದು ಸುಳ್ಳನ್ನು: ಎಲ್ಲ ಇಂಜೆಕ್ಷನ್ನೂ ಹೊತ್ತಿಗೆ ಸರಿಯಾಗಿ ಮಾಡಿಸಿದ್ದೇವೆ, ಔಷಧವೇ ಸರಿಯಿಲ್ಲ.

ಡಾಕ್ಟರು ಬೈಯಲಿಲ್ಲ. ಇಂಜೆಕ್ಷನ್ ಕಾರ್ಡು ಕೇಳಿದರು. ಕಾರ್ಡು ಮನೆಯಲ್ಲೇ ಇದೆ ಎಂದೆ. ಮಗಳು ಉಸಿರು ಎಳೆಯುತ್ತಲೇ ನನ್ನ ಚೀಲದ ಕಡೆ ಬೆರಳು ತೋರಿಸಿದಳು. "ಅದ್ರಾಗ ಐತಲ್ಲವ್ವಾ." ಕಾರ್ಡಿನಲ್ಲಿ ತಾರೀಖುಗಳ ನಡುವಿನ ಅಂತರ ಹಿಗ್ಗುತ್ತ ಹೋಗಿದ್ದನ್ನು ಅವರು ಪೆನ್ನಿನಿಂದ ಒಂದೊಂದಾಗಿ ಮುಟ್ಟಿದರು.

"ಈ ಔಷಧ ಮೈಯಾಗ ಇರೂದು ಮೂರು ವಾರ. ಆಮ್ಯಾಲ ಬಾಗಲಾ ತೆರದಂಗ. ನೀವು ಆಮ್ಯಾಲಿನ ಮೂರು ವಾರ ಬಾಗಲಾ ತೆರದಿಟ್ರಿ."

"ಆದ್ರ ಒಮ್ಮೆ ಬಂದು ಹೋಗಿದ್ದಲ್ರಿ ಅದು? ಮೈಗೆ ಗುರುತು ಹತ್ತಿರಬೇಕಲ್ಲ?"

"ಗುರುತು ಹತ್ತಿದ್ದ ತಪ್ಪಾತು ನೋಡ್ರಿ," ಎಂದರು.

ಅವರು ಹೇಳಿದ್ದು ಹೀಗೆ. ಈ ಬ್ಯಾಕ್ಟೀರಿಯಾ ಒಂದೇ ಅಂಗಿಯಲ್ಲಿ ಬರುವುದಿಲ್ಲ. ಅದರ ಕೂದಲಿನ ತುದಿಗೆ ನೂರಾರು ನಮೂನೆಗಳಿವೆ. ಒಂದು ನಮೂನೆಯನ್ನು ಕಲಿತ ಮೈಗೆ ಇನ್ನೊಂದು ನಮೂನೆ ಹೊಸತೇ, ಹಾಗಾಗಿ ಗಂಟಲು ನೋವು ಮತ್ತೆ ಮತ್ತೆ ಬರುತ್ತದೆ. ಆದರೆ ಹೃದಯವನ್ನು ಹೋಲುವ ಭಾಗ ಬಹಳಷ್ಟು ನಮೂನೆಗಳಲ್ಲಿ ಇದ್ದೇ ಇರುತ್ತದೆ. ಕಾಪಾಡಬೇಕಾದ ನೆನಪು ಉಪಯೋಗಕ್ಕೆ ಬರುವುದಿಲ್ಲ, ಕೆಡಿಸುವ ನೆನಪು ತಟ್ಟನೆ ಎದ್ದು ನಿಲ್ಲುತ್ತದೆ. ಎರಡನೆಯ ಸಲ ಮೊದಲಿಗಿಂತ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ.

ಇಂಥ ನೆನಪು ನನಗೆ ಗೊತ್ತಿತ್ತು. ನಮ್ಮತ್ತೆಯ ಕೊಡವನ್ನು ಒಮ್ಮೆ ಮೀಸೆಯವನೊಬ್ಬ ಕದ್ದಿದ್ದ. ಅಂದಿನಿಂದ ಅವರು ಮೀಸೆಯಿದ್ದ ಅಳಿಯನಿಗೂ ಹಿತ್ತಾಳೆ ಚೊಂಬಿನಲ್ಲಿ ನೀರು ಕೊಡಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕೊಟ್ಟರು. ನಿಜವಾದ ಕಳ್ಳ ಮೀಸೆ ಬೋಳಿಸಿಕೊಂಡು ಅದೇ ಓಣಿಯಲ್ಲಿ ಓಡಾಡಿಕೊಂಡಿದ್ದ.

ಆ ಸಲ ಕವಾಟ ಉಳಿಯಲಿಲ್ಲ. ಬಾವು ಇಳಿಯಿತು, ಗಾಯ ಮಾಯಿತು, ಮಾಯುವಾಗ ಅಂಚು ಸೊಟ್ಟಗಾಯಿತು. ಪರದೆಯ ಮೇಲೆ ರಕ್ತ ಕೆಂಪು ನೀಲಿ ಚಿಲುಮೆಯಂತೆ ಹಿಂದಕ್ಕೆ ಚಿಮ್ಮುವುದನ್ನು ತೋರಿಸಿದರು. ಈಗ ಇಂಜೆಕ್ಷನ್ನು ಇಪ್ಪತ್ತೊಂದು ವರ್ಷಕ್ಕೆ ನಿಲ್ಲುವುದಿಲ್ಲ, ನಲವತ್ತರವರೆಗೂ ಬೇಕಾಗಬಹುದು ಎಂದರು. ಸೋರಿಕೆ ಹೆಚ್ಚಾದರೆ ಎದೆ ತೆರೆಯಬೇಕು. ಹೆಚ್ಚಾಗದಂತೆ ನೋಡಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವುದು. ನಾನು ಎದುರು ಬೆಲೆ ಹೇಳಲಿಲ್ಲ.

ಊರಿಗೆ ಬಂದರೆ ಬಂಧುಗಳ ಸಾಲು. ಒಬ್ಬಾಕೆ, "ಹೆಣ್ಣ ಹುಡುಗಿ ಐತಿ, ಹೊರಗ ಬಾಯಿ ಬಿಡಬ್ಯಾಡ ನೋಡು," ಎಂದಳು. ಇನ್ನೊಬ್ಬಾಕೆ, ಮೈಯಲ್ಲಿ ಶಕ್ತಿಯಿಲ್ಲದ್ದಕ್ಕೆ ಹೀಗಾಗಿದೆ, ಶಕ್ತಿ ಹೆಚ್ಚಿಸುವ ಪುಡಿ ಕೊಡು ಎಂದು ಡಬ್ಬಿಯನ್ನೇ ತಂದಿದ್ದಳು. ಅದನ್ನು ಮಾರುವವಳೂ ಅವಳೇ. "ಇಕಿಗೆ ಶಕ್ತಿ ಕಮ್ಮಿ ಆಗಿಲ್ಲಬೇ, ಇದ್ದ ಶಕ್ತಿ ಮನಿ ಮಂದೀನ ಬಡ್ಯಾಕತ್ತೈತಿ. ಅದಕ್ಕ ಇನ್ನಷ್ಟ ಬಡಿಗಿ ಕೊಡ್ಲೇನು?" ಎಂದು ಡಬ್ಬಿಯ ಸಮೇತ ಕಳಿಸಿದೆ. ರೋಗನಿರೋಧಕ ಶಕ್ತಿ ಎಂಬ ಮಾತನ್ನು ಈಗ ಚಹಾಪುಡಿಯ ಪೊಟ್ಟಣದ ಮೇಲೂ ಬರೆಯುತ್ತಾರೆ. ಬರೆಯುವವರಿಗೆ ಆ ಶಕ್ತಿ ಏನು ಮುಟ್ಟಿ ಏನು ಗುರುತಿಸುತ್ತದೆಂದು ಕೇಳಿದರೆ ಕೆಮ್ಮು ಬರುತ್ತದೆ.

ಬಾಯಿ ಬಿಡಬೇಡ ಎಂದವರಿಗಾಗಿಯೇ ನಾನು ಬಾಯಿ ಬಿಟ್ಟೆ. ಈಗಲೂ ವಾರಕ್ಕೆರಡು ದಿನ ಹಳ್ಳಿಗೆ ಹೋಗುತ್ತೇನೆ. ಆಡೂರಿನ ಕಡೆ ಹೋದಾಗ ಜಗಲಿಯ ಮೇಲೆ ಪಾತ್ರೆ ಹರಡಿ, ಗಂಟಲು ನೋವಿದ್ದ ಮಕ್ಕಳನ್ನು ಡಾಕ್ಟರಿಗೆ ತೋರಿಸಿದ ಚೀಟಿ ತಂದವರಿಗೆ ಒಂದು ಸ್ಟೀಲ್ ಚಮಚ ಪುಕ್ಕಟೆ ಎಂದು ಸಾರಿದ್ದೇನೆ. ಮೊದಮೊದಲು ನಕ್ಕರು. "ಇಕಿ ಪಾತ್ರಿ ಬಿಟ್ಟು ಡಾಕ್ಟರಕಿ ಹಿಡದಾಳ." ಒಬ್ಬಾಕೆ ಗಂಡನ ಹಲ್ಲುನೋವಿನ ಚೀಟಿ ತಂದು ಚಮಚ ಕೇಳಿದಳು.

"ಇದು ಗಂಟಲ ಚೀಟಿ ಅಲ್ಲಲ್ಲವ್ವಾ."

"ಗಂಟಲ ಮ್ಯಾಲ ಹಲ್ಲ ಅಲ್ಲೇನು? ಕೊಡ ಕೊಡ."

ಕೊಟ್ಟೆ. ಇಂಥವರ ಮುಂದೆ ನಾನೂ ಸೋಲುತ್ತೇನೆ. ಆದರೆ ಚೀಟಿಗಳು ಬರುತ್ತಿವೆ. ನಾಲ್ಕು ಗುಳಿಗೆಯ ಬದಲು ಪೂರ್ತಿ ಗುಳಿಗೆ ನುಂಗಿದ ಮಕ್ಕಳೂ ಇದ್ದಾರೆ.

ಮಗಳು ಈಗ ಪಿಯುಸಿ ಓದುತ್ತಾಳೆ. ಇಷ್ಟು ವರ್ಷ ಒಂದೂ ಇಂಜೆಕ್ಷನ್ ತಪ್ಪಿಲ್ಲ. ತಪ್ಪುವ ಹೊತ್ತು ಬಂದಿದ್ದು ಹೋದ ಮಳೆಗಾಲದಲ್ಲಿ. ನಾವು ಹೋಗುವ ಕಡೆ ಶೀಶೆ ಮುಗಿದಿತ್ತು. ನಾಳೆ ಬರುತ್ತದೆ ಎಂದರು. ಆ ನಾಳೆ ಏಳು ದಿನ ನಡೆಯಿತು. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಅವಳು ಚಹಾ ಕುಡಿಯುವಾಗ ಗಂಟಲು ಸವರಿಕೊಂಡಳು.

"ಏನಾಗೇತಿ?"

"ಏನಿಲ್ಲ. ಸ್ವಲ್ಪ ಕೆರೀತೈತಿ."

ನಾನು ಅಂಗಡಿಯ ಬಾಗಿಲು ಎಳೆದು ಅವಳನ್ನು ಕರೆದುಕೊಂಡು ಹೊರಟೆ. ಶಿಗ್ಗಾವಿಯ ಅಂಗಡಿಗಳಲ್ಲಿ ಇಲ್ಲ. ಸವಣೂರಿಗೆ ಹೋದೆವು, ಅಲ್ಲೂ ಇಲ್ಲ. ಅಲ್ಲಿಂದ ಹಾನಗಲ್ಲಿಗೆ. ಹಾನಗಲ್ಲಿನ ಅಂಗಡಿಕಾರನೊಬ್ಬ ನಿಜ ಹೇಳಿದ.

"ಹಳೇ ಔಷಧರಿ ಅದು, ಅಗ್ಗದ್ದು. ಅದ್ರಾಗ ಏನ್ ಉಳೀತೈತಿ ನಮಗ? ಯಾರೂ ತರಸೂದಿಲ್ಲ."

ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಲಾಭವಿಲ್ಲದ ಸಾಮಾನನ್ನು ನಾನೂ ಇಡುವುದಿಲ್ಲ. ಸಣ್ಣ ಜರಡಿ, ಸೌಟಿನ ಹಿಡಿಕೆ, ಇಂಥವನ್ನು ಕೇಳಿ ಬಂದ ಎಷ್ಟು ಮುದುಕಿಯರನ್ನು ಹಾಗೇ ವಾಪಸು ಕಳಿಸಿಲ್ಲ. ಅವನು ಪುಣ್ಯಕ್ಕೆ ಎರಡು ಮೂರು ಕಡೆ ಫೋನು ಮಾಡಿದ. ಹಿರೇಕೆರೂರಿನಲ್ಲಿ ಒಂದು ಕಡೆ ಐದು ಶೀಶೆ ಇವೆ ಎಂದು ತಿಳಿಯಿತು.

ಹಿರೇಕೆರೂರು ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಶೀಶೆ ಸಿಕ್ಕಿತು. ಅದನ್ನೂ ದುಡ್ಡನ್ನೂ ಮಗಳ ಕೈಗೆ ಕೊಟ್ಟು, ನಾನು ಮುಂದಾಗಿ ಹತ್ತಿರದ ಸಣ್ಣ ದವಾಖಾನೆಗೆ ಓಡಿದೆ. ಅಲ್ಲಿನ ನರ್ಸಮ್ಮ ಶೀಶೆಯ ಹೆಸರು ಕೇಳಿಯೇ ತಲೆ ಅಲ್ಲಾಡಿಸಿದಳು.

"ಪರ ಊರಿನ ಪೇಷಂಟಿಗೆ ನಾ ಇದನ್ನ ಮಾಡೂದಿಲ್ಲ. ರಿಯಾಕ್ಷನ್ ಆದ್ರ ಯಾರ್ ನೋಡ್ಯಾರು? ನಿಮ್ಮೂರಾಗ ಮಾಡಸ್ಕೊರಿ."

ನಾನು ಶುರು ಮಾಡಿದೆ. ಬೇಡಿದೆ, ಗದರಿದೆ, ನಿನಗೂ ಮಕ್ಕಳಿಲ್ಲವೇ ಎಂದೆ, ಕುಕ್ಕರು ಕೊಡುತ್ತೇನೆ ಎಂದೂ ಹೇಳಿಬಿಟ್ಟೆ. ಕುಕ್ಕರಿನ ಮಾತಿಗೆ ಆಕೆಯ ಮುಖ ಇನ್ನೂ ಗಟ್ಟಿಯಾಯಿತು. ಮೂವತ್ತು ವರ್ಷ ದುಡಿದ ನನ್ನ ಬಾಯಿ ಅಲ್ಲಿ ಮೂರು ಕಾಸಿಗೂ ಬೆಲೆ ಬಾಳಲಿಲ್ಲ.

ಅಷ್ಟರಲ್ಲಿ ಮಗಳು ಔಷಧ ಅಂಗಡಿಯಿಂದ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ಕಾರ್ಡನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಸಿಸ್ಟರ್, ಈ ಕಾರ್ಡಿನ್ಯಾಗಿನ ಎಲ್ಲಾ ಇಂಜೆಕ್ಷನ್ ನಾ ತಗೊಂಡೇನಿ. ಒಮ್ಮೆನೂ ರಿಯಾಕ್ಷನ್ ಆಗಿಲ್ಲ. ನೀವು ಡಾಕ್ಟರನ್ನ ಕೇಳ್ರಿ, ಮೊದಲ ಟೆಸ್ಟ್ ಮಾಡ್ರಿ, ಆಮ್ಯಾಲೆ ಅರ್ಧಾ ತಾಸು ನಾ ಇಲ್ಲೇ ಕುಂದರ್ತೇನಿ. ನಂಗ ವಾಲ್ವ್ ಸೋರ್ತೈತ್ರಿ. ಏಳು ದಿನಾ ತಡಾ ಆಗೇತಿ, ಇವತ್ತ ಗಂಟಲಾ ಕೆರಿಯಾಕತ್ತೈತಿ."

ಇಷ್ಟೇ. ಒಂದು ಮಾತೂ ಹೆಚ್ಚಿಲ್ಲ. ನರ್ಸಮ್ಮ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಒಳಗೆ ಹೋಗಿ ಡಾಕ್ಟರನ್ನು ಕರೆದಳು. ಅವರು ಗಂಟಲು ನೋಡಿ, ಕೆಂಪಾಗಿದೆ, ಈ ಇಂಜೆಕ್ಷನ್ನೇ ಅದಕ್ಕೂ ಆಯಿತು ಎಂದರು. ನಾನು ಒಳಗೆ ಹೊರಟರೆ ಮಗಳು ಪರದೆ ಎಳೆದಳು. "ಅವ್ವಾ, ನೀ ಹೊರಗ ನಿಂದ್ರು."

ಅರ್ಧ ತಾಸು ಬೆಂಚಿನ ಮೇಲೆ ಕುಳಿತಾಗ ಗೊತ್ತಾಯಿತು, ಅಂಗಡಿಯಲ್ಲಿ ಉಳಿದ ನಾಲ್ಕರಲ್ಲಿ ಇನ್ನೂ ಎರಡು ಶೀಶೆಯನ್ನು ಅವಳು ತೆಗೆದುಕೊಂಡಿದ್ದಳು, ಮುಂದಿನ ಎರಡು ಸಲಕ್ಕೆ.

"ನಾಕೂ ತಗೊಂಡು ಬರೂದಲ್ಲೇನ ಹುಚ್ಚಿ?"

"ನಮ್ಮಂಗ ಇನ್ನೊಬ್ಬರು ಬಸ್ ಹತ್ತಿ ಬಂದ್ರ?"

ವ್ಯಾಪಾರ ಬರುವುದಿಲ್ಲ ಇವಳಿಗೆ ಎಂದುಕೊಂಡೆ.

ಆಮೇಲಿನ ಮೂರು ವಾರ ನಾನು ಮಾಡಿದ ಕೆಲಸ ಒಂದೇ. ಅವಳು ಮೆಟ್ಟಿಲು ಹತ್ತಿದರೆ ಮೊಣಕಾಲು ನೋಡುವುದು, ಕೊಡ ಎತ್ತಿದರೆ ಮೊಣಕೈ ನೋಡುವುದು, ಮಾತಾಡಿದರೆ ಉಸಿರು ಎಣಿಸುವುದು. ಬಾವು ಬರಲಿಲ್ಲ. ಹುಬ್ಬಳ್ಳಿಗೆ ಹೋಗಿ ಪರದೆಯ ಮೇಲೆ ನೋಡಿಸಿದೆವು. ಡಾಕ್ಟರು ಪೆನ್ನು ಕುಟ್ಟುತ್ತ, "ಸೋರಿಕಿ ಮೊದಲ ಇದ್ದಷ್ಟ ಐತಿ. ಹೆಚ್ಚಾಗಿಲ್ಲ," ಎಂದರು. ಕಡಿಮೆಯಾಗಿದೆ ಎನ್ನಲಿಲ್ಲ. ಕಡಿಮೆಯಾಗುವುದಿಲ್ಲ ಎಂದು ನನಗೂ ಗೊತ್ತಿದೆ.

ಮರುದಿನ ಅಂಗಡಿಯಲ್ಲಿ ಅವಳು ಏಣಿ ಹತ್ತಿ ಮೇಲಿನ ಸಾಲಿನ ಡಬರಿ ಇಳಿಸುತ್ತಿದ್ದಳು. ನಾನು ಕೆಳಗೆ ನಿಂತಿದ್ದೆ. ಕಣ್ಣು ತಾನಾಗಿ ಅಲ್ಲಿಗೇ ಹೋಯಿತು.

"ಅವ್ವಾ, ನನ್ನ ಮೊಣಕಾಲ ನೋಡೂದು ಸಾಕ ಮಾಡು," ಎಂದಳು ಮೇಲಿನಿಂದಲೇ. "ಹಿಂದ ಗಿರಾಕಿ ನಿಂತಾರ."